ಸಾರಣೆ-ಕಾರಣೆ

‘ಬಣ್ಣ’ ಎಂಬುದು ‘ವರ್ಣ’ ಶಬ್ದದ ತದ್ಭವ. ವರ್ಣಿಸುವುದನ್ನೇ ನಾವು ಬಣ್ಣಿಸುವುದು ಎನ್ನುತ್ತೇವೆ. ಕವಿ ಬಣ್ಣಿಸಿದರೆ ತಲೆದೂಗುತ್ತೇವೆ. ಅಂಗಡಿಯವನು ಬಣ್ಣದ ಮಾತು ಆಡಿದರೆ ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತೇವೆ. ಹೀಗೆ ಬಣ್ಣವೆಂದರೆ ನಮಗೆ ಆಸೆಯೂ ಉಂಟು, ಅನುಮಾನವೂ ಉಂಟು. ಇವೆರಡೂ ಎದ್ದು ಕಾಣುವ ಸ್ಥಳವೆಂದರೆ ಮನೆಯ ಹೊರಭಾಗ: ಜಗುಲಿ, ಅಂಗಳ, ಹಿತ್ತಿಲಿನ ಕಟ್ಟೆ. ಒಳಗೋಡೆಗೆ ಏನು ಬಳಿದರೂ ಅದು ನಮ್ಮನಮ್ಮ ಮನೆಯ ಮಾತು. ಹೊರಗೆ ಬಳಿದದ್ದು ಬೀದಿಯೊಡನೆ ಆಡಿದ ಮಾತು. ಆ ಮಾತನ್ನು ಹೇಗೆ ಆಡಬೇಕೆಂಬುದನ್ನು ನಾನು ಕಲಿತದ್ದು ಒಂದು ದೊಡ್ಡ ತಪ್ಪು ಮಾಡಿದ ಮೇಲೆ. ಆ ತಪ್ಪನ್ನು ಇಂದು ತಮ್ಮ ಮುಂದೆ ಒಪ್ಪಿಸಿ, ಅದರಿಂದ ಬಂದ ಲಾಭವನ್ನೂ ಹಂಚಿಕೊಳ್ಳಬೇಕೆಂದಿದ್ದೇನೆ.

ನನ್ನದು ತಿಪಟೂರು ತಾಲ್ಲೂಕಿನ ನೊಣವಿನಕೆರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕುಗಳಲ್ಲಿ ಯಾವ ದಿಕ್ಕಿಗೆ ಹೊರಟರೂ ತೆಂಗಿನ ತೋಟ ಜೊತೆಯಲ್ಲೇ ಬರುತ್ತದೆ. ತೆಂಗಿಗೆ ಎಲೆ ಉದುರುವ ಕಾಲವೆಂಬುದು ಇಲ್ಲ. ಮಲೆನಾಡಿನ ಕಾಡಿನ ಹಾಗೆ ಅದು ಚಿಗುರಿನಲ್ಲಿ ಕೆಂಪಾಗುವುದೂ ಇಲ್ಲ. ವರ್ಷದ ಹನ್ನೆರಡು ತಿಂಗಳೂ ಅದೇ ಹಸಿರು. ಈ ಹಸಿರಿನ ನಡುವೆ ನಮ್ಮ ಮನೆ. ಅಜ್ಜ ಕಟ್ಟಿಸಿದ್ದು. ಮಣ್ಣಿನ ಗೋಡೆ, ಹೆಂಚಿನ ಮಾಡು, ಕೊಬ್ಬರಿ ಕಟ್ಟಲು ಅಟ್ಟ, ಮುಂದೆ ಎರಡು ಕಡೆಗೂ ಜಗುಲಿ. ಕಾಯಿ ಅಟ್ಟಕ್ಕೇರಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಷ್ಟು ದಿನವೂ ಆ ಜಗುಲಿಯ ಮೇಲೆ ಕೊಬ್ಬರಿಯ ಧಾರಣೆಯ ಮಾತು ನಡೆದೇ ಇರುತ್ತಿತ್ತು. ಮದುವೆಯ ಮಾತುಕತೆ, ನ್ಯಾಯ ಪಂಚಾಯಿತಿ, ನನ್ನ ಅಕ್ಷರಾಭ್ಯಾಸ, ಎಲ್ಲವೂ ಅಲ್ಲಿಯೇ ಆದವು.

ನಮ್ಮ ತಾಯಿ ಇದ್ದಾಗ ಆ ಜಗುಲಿಗೆ ವರ್ಷಕ್ಕೊಮ್ಮೆ, ಗೌರಿಹಬ್ಬದ ಮುಂದೆ, ಸುಣ್ಣ ಬಳಿಯುತ್ತಿದ್ದರು. ಅಂಚಿಗೆ ಕೆಮ್ಮಣ್ಣು, ಕೆಮ್ಮಣ್ಣಿನ ಮೇಲೆ ಬಿಳಿಯ ಎಳೆ. ಹಳೆಯ ಕನ್ನಡದಿಂದಲೂ ಇದಕ್ಕೊಂದು ಜೋಡಿ ಹೆಸರುಂಟು: ಸಾರಣೆ, ಕಾರಣೆ. ಸಾರಣೆಯೆಂದರೆ ನೆಲವನ್ನೋ ಗೋಡೆಯನ್ನೋ ಬಳಿದು ಹಸನು ಮಾಡುವುದು. ಕಾರಣೆಯೆಂದರೆ ಅದರ ಮೇಲೆ ಬಣ್ಣದ ಪಟ್ಟೆ ಎಳೆಯುವುದು. ಮೊದಲನೆಯದು ಹರವು, ಎರಡನೆಯದು ಗೆರೆ. ಬಣ್ಣದ ಶಾಸ್ತ್ರವೆಲ್ಲ ಈ ಎರಡು ಮಾತಿನಲ್ಲಿ ಅಡಗಿದೆ ಎಂದು ಈಗ ಹೇಳಬಲ್ಲೆ. ಆಗ ನನಗೆ ಅದು ತಿಳಿದಿರಲಿಲ್ಲ. ಪದ್ಯಕ್ಕೆ ಅರ್ಥ ಹೇಳುವಾಗ ‘ಸಾರಣೆ-ಕಾರಣೆ, ಜೋಡುನುಡಿ’ ಎಂದು ಮಕ್ಕಳಿಗೆ ಬರೆಸಿ ಮುಂದೆ ಹೋಗುತ್ತಿದ್ದೆ.

ತಾಯಿ ತೀರಿಕೊಂಡ ಮೇಲೆ ಸುಣ್ಣ ನಿಂತಿತು. ನನ್ನ ಶ್ರೀಮತಿಯವರಿಗೆ ತಿಪಟೂರಿನಲ್ಲಿ ಕೆಲಸ. ಬೆಳಗಿನ ಬಸ್ಸಿಗೆ ಹೊರಡುವವರು ಕೆಮ್ಮಣ್ಣು ಕಲಸಿಕೊಂಡು ಕೂರಲಾದೀತೆ? ಹೊಸಿಲ ಮುಂದೆ ಅಂಗಡಿಯಿಂದ ತಂದ ಪ್ಲಾಸ್ಟಿಕ್ ರಂಗೋಲಿಯನ್ನು ಅಂಟಿಸಿದೆವು. ಅದು ಒಂದು ಮೂಲೆಯಲ್ಲಿ ಎದ್ದು, ಅಡಿಯಲ್ಲಿ ಇರುವೆ ಗೂಡು ಕಟ್ಟಿತು. ಗೋಡೆ ಕಂದಿತು. ಕೊನೆಗೆ ಒಂದು ಬೇಸಿಗೆಯ ರಜದಲ್ಲಿ ನಾನೇ ಮನಸ್ಸು ಮಾಡಿ, ಬಣ್ಣದ ಕೆಲಸದವರನ್ನು ಕರೆಸಿ, ಹೊಳೆಯುವ ಎಣ್ಣೆಬಣ್ಣವನ್ನು ಗೋಡೆಗೂ ಜಗುಲಿಗೂ ಹೊಡೆಸಿಬಿಟ್ಟೆ. “ಒಂದು ಸಲ ಹೊಡೆದರೆ ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ ಮೇಷ್ಟ್ರೇ” ಎಂದರು. ಬಣ್ಣ ಯಾವುದು ಎಂದು ಕೇಳಿದಾಗ, ಸುತ್ತ ತೋಟವಿದೆ, ಒಪ್ಪುತ್ತದೆ ಎಂದುಕೊಂಡು ಹಸಿರು ಎಂದೆ.

ಅದರಿಂದ ಮೂರು ಅನರ್ಥಗಳಾದವು. ಮೊದಲನೆಯದು, ಮನೆಯೇ ಕಾಣದಾಯಿತು. ಮದುವೆಯ ಕರೆಯೋಲೆ ಕೊಡಲು ಬಂದ ನೆಂಟರೊಬ್ಬರು ನಮ್ಮ ಬಾಗಿಲನ್ನು ದಾಟಿ ಮುಂದಿನ ಬೀದಿಯವರೆಗೆ ಹೋಗಿ, ಅಲ್ಲಿಂದ ದೂರವಾಣಿಯಲ್ಲಿ ದಾರಿ ಕೇಳಿದರು. ಎರಡನೆಯದು, ಮೊದಲ ಮಳೆ ಬಿದ್ದ ದಿನ ಎದುರುಮನೆಯ ಹಿರಿಯರು ಜಗುಲಿಯ ಮೇಲೆ ಕಾಲಿಟ್ಟು ಜಾರಿದರು. ಕಂಬ ಹಿಡಿದುಕೊಂಡದ್ದರಿಂದ ಉಳಿದರು. ಅಂದಿನಿಂದ ಯಾರೂ ಅಲ್ಲಿ ಕೂರಲು ಬರಲಿಲ್ಲ. ಮೂರನೆಯದು, ಮಳೆಗಾಲ ಮುಗಿಯುವ ಹೊತ್ತಿಗೆ ಗೋಡೆಯ ಮೈಮೇಲೆಲ್ಲ ಬೊಬ್ಬೆ ಎದ್ದು, ಬಣ್ಣ ಹಪ್ಪಳದಂತೆ ಕಳಚತೊಡಗಿತು. ಅದರ ಹಿಂದೆ ಮಣ್ಣೂ ಉದುರಿತು.

ನಮ್ಮ ಮನೆಯಲ್ಲಿ ಅಕ್ಕ ಇದ್ದಾರೆ. ನನಗಿಂತ ಎಂಟು ವರ್ಷ ಹಿರಿಯರು. ಭಾವನವರು ಹೋದ ಮೇಲೆ, ಹನ್ನೆರಡು ವರ್ಷಗಳ ಹಿಂದೆ, ನಮ್ಮಲ್ಲಿಗೆ ಬಂದು ಉಳಿದರು. ಒಂದು ಬೆಳಗ್ಗೆ ಅವರು ಆ ಗೋಡೆಯ ಬೊಬ್ಬೆಯೊಂದನ್ನು ಬೆರಳಿನಿಂದ ಒತ್ತಿದರು. ಒಳಗಿನಿಂದ ನೀರು ಜಿನುಗಿತು. “ಮಣ್ಣಿನ ಗೋಡೆಗೆ ಬೆವರು ಬರತ್ತೆ ಕಣೋ. ನೀನು ಮಳೆಕೋಟು ತೊಡಿಸಿ ನಿಲ್ಲಿಸಿದೀಯ” ಎಂದರು.

ಅಕ್ಕ ಓದಿದ್ದು ಏಳನೆಯ ತರಗತಿ. ಆದರೆ ಅವರು ಹೇಳಿದ್ದು ಶಾಸ್ತ್ರಕ್ಕೆ ಸರಿಯಾದ ಮಾತು. ಮಣ್ಣಿನ ಗೋಡೆ ನೆಲದಿಂದ ತೇವವನ್ನು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಎಣ್ಣೆಬಣ್ಣ ಆ ದಾರಿಯನ್ನು ಮುಚ್ಚುತ್ತದೆ. ಸುಣ್ಣ ಮುಚ್ಚುವುದಿಲ್ಲ. ನೀರಿನಲ್ಲಿ ಅರಳಿದ ಸುಣ್ಣವನ್ನು ಗೋಡೆಗೆ ಬಳಿದಾಗ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ನಿಧಾನವಾಗಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಅಂದರೆ ನಾವು ಗೋಡೆಗೆ ಬಳಿಯುವುದು ತೆಳುವಾದ ಒಂದು ಕಲ್ಲಿನ ಪದರ. ಆದರೆ ಅದರಲ್ಲಿ ಸಣ್ಣಸಣ್ಣ ರಂಧ್ರಗಳಿದ್ದು, ತೇವ ಬಂದು ಹೋಗುವುದಕ್ಕೆ ಅಡ್ಡಿಯಿಲ್ಲ. ಅದರ ಕ್ಷಾರಗುಣಕ್ಕೆ ಬೂಷ್ಟು ಹುಳಗಳು ಹತ್ತಿರ ಬರುವುದೂ ಕಡಮೆ.

ಅಂದು ನಾವು ಅಕ್ಕ-ತಮ್ಮಂದಿರು ಕೂತು ಹಳೆಯ ಕ್ರಮವನ್ನೇ ಮತ್ತೆ ಹಿಡಿಯುವುದೆಂದು ತೀರ್ಮಾನಿಸಿದೆವು. ಹೇಳುವವರು ಅಕ್ಕ, ಮಾಡುವವನು ನಾನು. ಹಸಿರನ್ನು ಕೆರೆದು ತೆಗೆದು, ಗೋಡೆಗೆ ಮಣ್ಣು ಮೆತ್ತಿ ಒಣಗಿಸುವುದಕ್ಕೇ ಎರಡು ತಿಂಗಳು ಹಿಡಿಯಿತು. ಇಲ್ಲಿ ಒಂದು ಎಚ್ಚರಿಕೆಯ ಮಾತು. ಹಳೆಯ ಬಾಗಿಲು ಕಿಟಕಿಗಳ ಎಣ್ಣೆಬಣ್ಣದಲ್ಲಿ ಸೀಸ ಇರುವುದುಂಟು. ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವಿರಬಾರದೆಂದು ಭಾರತ ಸರ್ಕಾರ ನಿಯಮ ಮಾಡಿದ್ದು 2016ರಲ್ಲಿ. ಅದಕ್ಕೆ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ. ಒದ್ದೆ ಮಾಡಿ ಕೆರೆಯಿರಿ, ಮಕ್ಕಳನ್ನು ದೂರವಿಡಿ.

ಸುಣ್ಣ ಅರಳಿಸುವ ಕ್ರಮವನ್ನೂ ಹೇಳಿಬಿಡುತ್ತೇನೆ. ಸುಣ್ಣದ ಕಲ್ಲನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ರಾಶಿ ಸುಣ್ಣದ ಮೇಲೆ ನೀರು ಸುರಿದರೆ ಅದು ಸಿಡಿದು ಕಣ್ಣಿಗೆ ಬಿದ್ದೀತು. ಕುದಿ ಇಳಿದ ಮೇಲೆ ಎರಡು ಮೂರು ದಿನ ನೆನೆಯಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟನ್ನೋ ಅಕ್ಕಿಗಂಜಿಯನ್ನೋ ಸೇರಿಸಬೇಕು. ಹಾಲಿನಷ್ಟು ತೆಳ್ಳಗಿರಲಿ. ಗೋಡೆಗೆ ಮೊದಲು ನೀರು ಚಿಮುಕಿಸಿ, ಒಂದರ ಮೇಲೊಂದು ಮೂರು ಬಾರಿ ಬಳಿಯಬೇಕು. ಒಮ್ಮೆಗೇ ದಪ್ಪನಾಗಿ ಬಳಿದರೆ ಚಕ್ಕೆಯೇಳುತ್ತದೆ. ಕುಂಚ ನಮ್ಮಲ್ಲಿ ಹಣ ಕೊಟ್ಟು ಕೊಳ್ಳುವ ವಸ್ತುವಲ್ಲ. ತೆಂಗಿನ ಸಿಪ್ಪೆಯ ತುದಿಯನ್ನು ಜಜ್ಜಿದರೆ ಕುಂಚ.

ಇನ್ನು ಬಣ್ಣ. ಸುಣ್ಣದ ಜೊತೆ ಎಲ್ಲ ಬಣ್ಣವೂ ಬಾಳುವುದಿಲ್ಲ. ಅರಿಸಿನವನ್ನೇ ನೋಡಿ: ಸುಣ್ಣ ತಾಕಿದೊಡನೆ ಕೆಂಪಾಗುತ್ತದೆ. ಆರತಿಯ ಓಕುಳಿಯ ಗುಟ್ಟೇ ಅದು. ಆರತಿಗೆ ಅದು ಚೆಂದ, ಗೋಡೆಗೆ ಅಲ್ಲ. ಬಿಸಿಲಿಗಿಟ್ಟರೆ ಕೆಲವೇ ದಿನಗಳಲ್ಲಿ ಮಂಕಾಗುತ್ತದೆ. ಗಿಡದಿಂದ ಬಂದ ಬಣ್ಣಗಳಲ್ಲಿ ಹೆಚ್ಚಿನವು ಹೀಗೆ ಗಿಡದ ಆಯುಸ್ಸನ್ನೇ ಪಡೆದು ಬಂದಿರುತ್ತವೆ. ಮಣ್ಣಿನಿಂದ ಬಂದ ಬಣ್ಣ ಹಾಗಲ್ಲ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ತುಕ್ಕಿನ ಕೆಂಪು. ಪಕ್ಕದ ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಅಗೆಯುವುದನ್ನು ತಾವು ಕೇಳಿರಬಹುದು. ನಮ್ಮ ಜಗುಲಿಯ ಅಂಚಿನ ಬಣ್ಣವೂ ಅದೇ ಲೋಹದ ಕುಲದ್ದು. ತುಕ್ಕು ಹಿಡಿದಾಗಿರುವುದನ್ನು ಬಿಸಿಲು ಇನ್ನೇನು ಕೆಡಿಸೀತು? ಹಳದಿಮಣ್ಣೂ ಕಬ್ಬಿಣದ್ದೇ. ಅದನ್ನು ಕಾಯಿಸಿದರೆ ಒಳಗಿನ ನೀರು ಹೋಗಿ ಕೆಂಪಾಗುತ್ತದೆ. ಕರಿಯ ಬಣ್ಣಕ್ಕೆ ತೆಂಗಿನ ಕರಟವನ್ನು ಸುಟ್ಟು ಅರೆದರೆ ಆಯಿತು. ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಚಿಟಿಕೆ ಸೇರಿಸಿದರೆ ಸುಣ್ಣದ ಹಳದಿಛಾಯೆ ಅಳಿದು ಬಿಳುಪು ಹೆಚ್ಚಿದಂತೆ ಕಾಣುತ್ತದೆ.

ಈ ಮೂರು ನಾಲ್ಕು ಬಣ್ಣಗಳಿಂದ ಏನು ಮಹಾ ಆದೀತು ಎನ್ನುವವರು ನಮ್ಮ ನಾಡನ್ನೇ ಒಮ್ಮೆ ಸುತ್ತಿ ಬರಬೇಕು. ಶಿವಮೊಗ್ಗ ಜಿಲ್ಲೆಯ ಸಾಗರ ಸೊರಬಗಳ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಇಷ್ಟರಲ್ಲೇ ಹಸೆ ಚಿತ್ತಾರ ಬರೆಯುತ್ತಾರೆ. ಪುಂಡಿಯ ನಾರೇ ಅವರ ಕುಂಚ. ಉತ್ತರ ಕನ್ನಡದ ಕರಾವಳಿಯ ಗುಡಿಗಳಲ್ಲಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರವನ್ನು ಹಚ್ಚಿ, ಹಸಿಯಿರುವಾಗಲೇ ಮೊನೆಯಿಂದ ಕೆರೆದು, ಅಡಿಯ ಬಿಳುಪನ್ನು ಹೊರತಂದು ಚಿತ್ರ ಮಾಡುತ್ತಾರೆ. ಅದಕ್ಕೆ ಕಾವಿ ಕಲೆಯೆಂದು ಹೆಸರು. ಅಲ್ಲಿರುವುದು ಕೆಂಪು ಬಿಳುಪು ಎರಡೇ. ಸಮುದ್ರದ ಗಾಳಿ, ಕರಾವಳಿಯ ಮಳೆ ಎರಡನ್ನೂ ಅವು ತಡೆದು ನಿಂತಿವೆ.

ಯಾವ ಬಣ್ಣದ ಪಕ್ಕ ಯಾವುದು ಎಂಬ ಪ್ರಶ್ನೆಗೆ ಬರೋಣ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ನಟರ ಮುಖವರ್ಣಿಕೆಯನ್ನು ಹೇಳುವಾಗ ಬಿಳಿ, ಹಳದಿ, ನೀಲಿ, ಕೆಂಪು ಇವು ನಾಲ್ಕು ಸಹಜವರ್ಣಗಳು, ಉಳಿದವು ಇವುಗಳ ಮಿಶ್ರಣ ಎಂಬ ವಿವರ ಬರುತ್ತದೆ. ರಸಗಳಿಗೂ ಅಲ್ಲಿ ಬಣ್ಣವುಂಟು: ರೌದ್ರಕ್ಕೆ ಕೆಂಪು, ಹಾಸ್ಯಕ್ಕೆ ಬಿಳಿ, ಅದ್ಭುತಕ್ಕೆ ಹಳದಿ. ಒಂದೊಂದು ಬಣ್ಣದ ಗುಣವನ್ನು ನಮ್ಮವರು ಹೀಗೆ ಬಲ್ಲವರು. ಒಂದರ ಪಕ್ಕ ಒಂದನ್ನು ಇಟ್ಟಾಗ ಕಣ್ಣಿಗೆ ಏನಾಗುತ್ತದೆ ಎಂಬುದನ್ನು ಪರೀಕ್ಷಿಸಿ ಬರೆದವನು ಫ್ರಾನ್ಸಿನ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ. ಅವನು ಪ್ಯಾರಿಸಿನ ಗೋಬೆಲಿನ್ ನೆಯ್ಗೆಯ ಕಾರ್ಖಾನೆಯಲ್ಲಿ ಬಣ್ಣದ ಅಧಿಕಾರಿಯಾಗಿದ್ದ. ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂತು. ನೋಡಿದರೆ ನೂಲಿನಲ್ಲಿ ದೋಷವಿರಲಿಲ್ಲ, ಪಕ್ಕದ ಬಣ್ಣವೇ ಅದನ್ನು ಮಂಕು ಮಾಡಿತ್ತು. 1839ರಲ್ಲಿ ಅವನು ಇದನ್ನು ದೊಡ್ಡ ಗ್ರಂಥವಾಗಿ ಬರೆದ. ಅದರ ಒಂದು ಸಾರಾಂಶ ಇಷ್ಟು: ಹಸಿರಿನ ಪಕ್ಕದಲ್ಲಿ ಕೆಂಪು ಮತ್ತಷ್ಟು ಕೆಂಪಾಗುತ್ತದೆ, ಕೆಂಪಿನ ಪಕ್ಕದಲ್ಲಿ ಹಸಿರು ಮತ್ತಷ್ಟು ಹಸಿರಾಗುತ್ತದೆ.

ನನ್ನ ಹಸಿರು ಗೋಡೆ ಏಕೆ ಮುಳುಗಿಹೋಯಿತೆಂದು ಆಗ ತಿಳಿಯಿತು. ತೆಂಗಿನ ತೋಟವೇ ಹಸಿರಿನ ಸಾರಣೆಯನ್ನು ಮಾಡಿಟ್ಟಿದೆ. ಅದರ ಮೇಲೆ ಎಳೆಯಬೇಕಾದ ಕಾರಣೆ ಬಿಳುಪು ಮತ್ತು ಕೆಂಪು. ನಮ್ಮ ಅಜ್ಜಿಯರು ಶೆವ್ರಲನನ್ನು ಓದದೆ ಇದನ್ನು ಬಲ್ಲವರಾಗಿದ್ದರು. ಗಾಢವಾದ ಬಣ್ಣಕ್ಕೆ ಅವರು ಹೆದರಲಿಲ್ಲ, ಆದರೆ ಅದನ್ನು ಗೆರೆಯಾಗಿ ಇಟ್ಟರು, ಹರವಾಗಿ ಹರಡಲಿಲ್ಲ. ಗೋಡೆಯೆಲ್ಲ ಕೆಂಪಾದರೆ ಕಣ್ಣು ದಣಿಯುತ್ತದೆ. ಬಿಳಿಯ ಗೋಡೆಯ ಬುಡದಲ್ಲಿ ಒಂದು ಮೊಳ ಕೆಂಪಾದರೆ ಕಣ್ಣು ಅಲ್ಲಿ ನಿಂತು, ಕೂರಬೇಕೆನಿಸುತ್ತದೆ. ಅಡಕೆಯ ಊಟಕ್ಕೆ ಸುಣ್ಣ ಎಷ್ಟೋ, ಅಂಗಳಕ್ಕೆ ಗಾಢಬಣ್ಣ ಅಷ್ಟು.

ಹೊರಗಿನ ಬಣ್ಣಕ್ಕೆ ಇನ್ನಿಬ್ಬರು ಯಜಮಾನರಿದ್ದಾರೆ: ಮಧ್ಯಾಹ್ನದ ಬಿಸಿಲು, ಸಂಜೆಯ ಮಬ್ಬು. ನಮ್ಮ ಬಿಸಿಲಿನಲ್ಲಿ ತಿಳಿಗುಲಾಬಿ, ತಿಳಿನೇರಳೆಗಳು ಸಪ್ಪೆಯಾಗಿ ಎಲ್ಲವೂ ಒಂದೇ ಆಗಿ ಕಾಣುತ್ತವೆ. ಗಾಢವಾದದ್ದೇ ಅಲ್ಲಿ ನಿಲ್ಲಬಲ್ಲದು. ಆದರೆ ಗಾಢವಾದದ್ದು ಕಾವನ್ನೂ ಹೆಚ್ಚು ಹೀರುತ್ತದೆ. ಆದ್ದರಿಂದ ಬಿಸಿಲು ನೇರ ಬೀಳುವ ಗೋಡೆಗೆ, ಮಾಳಿಗೆಗೆ ಬಿಳುಪು. ಮಾಡಿನ ನೆರಳಿನಲ್ಲಿರುವ ಜಗುಲಿಗೆ ಕೆಂಪು. ಇದನ್ನು ತಿರುವುಮುರುವು ಮಾಡಿದರೆ ಬರಿಗಾಲಲ್ಲಿ ನಿಲ್ಲಲಾಗದು.

ಸಂಜೆಯದು ಇನ್ನೊಂದು ಕಥೆ. ಮುಳುಗುವ ಹೊತ್ತಿನಲ್ಲಿ ಹಿತ್ತಿಲಿಗೆ ಹೋಗಿ ದಾಸವಾಳವನ್ನೂ ಶಂಖಪುಷ್ಪವನ್ನೂ ಒಟ್ಟಿಗೆ ನೋಡಿ. ಬೆಳಕು ಇಳಿದಂತೆ ಕೆಂಪು ದಾಸವಾಳ ಕಪ್ಪಾಗುತ್ತದೆ, ನೀಲಿಯ ಶಂಖಪುಷ್ಪ ಉಳಿದುಕೊಳ್ಳುತ್ತದೆ. ಬೊಹೀಮಿಯದ ವೈದ್ಯ ವಿಜ್ಞಾನಿ ಪುರ್ಕಿನ್ಯೆ ಎಂಬಾತ ಇದನ್ನು 19ನೆಯ ಶತಮಾನದ ಮೊದಲ ಭಾಗದಲ್ಲಿ ಗುರುತಿಸಿದ. ಮಬ್ಬಿನಲ್ಲಿ ನಮ್ಮ ಕಣ್ಣು ಕೆಂಪಿಗೆ ಕುರುಡಾಗುತ್ತ, ನೀಲಿಗೆ ಚುರುಕಾಗುತ್ತದೆ. ಜಗುಲಿಯ ಮೇಲೆ ಜನ ಕೂರುವುದು ಆ ಹೊತ್ತಿನಲ್ಲೇ ತಾನೆ? ಕೆಮ್ಮಣ್ಣಿನ ಅಂಚಿನ ಮೇಲೆ ಬಿಳಿಯ ಎಳೆ ಬೇಕೇಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಅಂಚು ಎಲ್ಲಿ ಮುಗಿಯಿತೆಂದು ಮುದುಕರ ಕಾಲಿಗೆ ತಿಳಿಸುವುದು ಆ ಬಿಳಿಯ ಗೆರೆ.

ಹೂಗಿಡಗಳ ವಿಷಯವನ್ನು ಚುಟುಕಾಗಿ ಮುಗಿಸುತ್ತೇನೆ. 1908ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಅವರು, ಒಂದು ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಆರಿಸಿ ಬೀದಿಗಳಲ್ಲಿ ನೆಡಿಸಿದರು. ಬೆಂಗಳೂರಿನ ರಸ್ತೆಗಳಿಗೆ ತಿಂಗಳಿಗೊಂದು ಬಣ್ಣ ಬಂದದ್ದು ಹಾಗೆ. ಅಂಗಳಕ್ಕೂ ಅದೇ ಉಪಾಯ ಸಲ್ಲುತ್ತದೆ. ಕಾಗದದ ಹೂ ಬೇಸಿಗೆಗೆ, ಚೆಂಡುಹೂವು ಸೇವಂತಿಗೆಗಳು ದಸರಾ ದೀಪಾವಳಿಗೆ, ಕನಕಾಂಬರ ದಾಸವಾಳಗಳು ಬಹುಕಾಲಕ್ಕೆ. ಹತ್ತು ಬಗೆಯನ್ನು ಒಂದೊಂದೇ ನೆಟ್ಟರೆ ಸಂತೆಯಾಗುತ್ತದೆ. ಒಂದೇ ಬಗೆಯನ್ನು ಹತ್ತು ನೆಟ್ಟರೆ ಬಣ್ಣವಾಗುತ್ತದೆ.

ಪಟ್ಟಣದಲ್ಲಿ ಸಿಮೆಂಟಿನ ಮನೆಯಲ್ಲಿರುವವರು, ‘ನಮಗೆ ಜಗುಲಿಯೂ ಇಲ್ಲ, ಕೆಮ್ಮಣ್ಣೂ ಸಿಗದು’ ಎನ್ನಬಹುದು. ಬಾಗಿಲ ಮುಂದೆ ನಾಲ್ಕಡಿ ಜಾಗ ಇರುತ್ತದಷ್ಟೆ? ಅಲ್ಲಿಯ ಗೋಡೆಗೆ ಬಿಳುಪು, ಮೆಟ್ಟಿಲ ಮೋರೆಗೆ ಕೆಂಪು, ಮೂರು ಹೂಕುಂಡಗಳಿಗೆ ಒಂದೇ ಬಣ್ಣ. ಇಷ್ಟು ಸಾಕು. ಸಿಮೆಂಟಿನ ಗೋಡೆಗೆ ಹೊರಗೋಡೆಯ ಬಣ್ಣವೇ ಆದೀತು. ಆದರೆ ನಡೆಯುವ ನೆಲಕ್ಕೆ ನುಣುಪು ಬಣ್ಣ ಬೇಡ. ಹಳೆಯ ಕೆಂಪು ಗಾರೆಯ ನೆಲವಿದ್ದರೆ ಒಡೆಸುವ ಮುನ್ನ ತೊಳೆದು, ಒಣಗಿಸಿ, ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಉಜ್ಜಿ, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ ನೋಡಿ. ಎಷ್ಟೋ ವರ್ಷದ ಹಿಂದಿನ ಕೆಂಪು ಎದ್ದು ಬರುತ್ತದೆ.

ಈಗ ನಮ್ಮ ಜಗುಲಿಯ ಕಥೆಯ ಕೊನೆ. ಗೌರಿಹಬ್ಬಕ್ಕೆ ಎರಡು ದಿನವಿರುವಾಗ ಸುಣ್ಣ ಮುಗಿಯಿತು. ಕೆಮ್ಮಣ್ಣೂ ಬಳಿದಾಯಿತು. ಬಿಳಿಯ ಎಳೆ ಮಾತ್ರ ನನ್ನ ಕೈಗೆ ಒಗ್ಗಲಿಲ್ಲ. ಕಪ್ಪುಹಲಗೆಯ ಮೇಲೆ ನೆಟ್ಟಗೆ ಬರೆಯುವ ಕೈ ಜಗುಲಿಯ ಅಂಚಿನಲ್ಲಿ ಹಾವಿನಂತೆ ಹರಿಯಿತು. ಅಕ್ಕ ಬಾಗಿಲ ಒಳಗೆ ನಿಂತು, “ಎಡಕ್ಕೆ ಹೋಯ್ತು, ಬಲಕ್ಕೆ ಹೋಯ್ತು” ಎನ್ನುತ್ತಿದ್ದರು. ಹೊಸಿಲು ದಾಟಲಿಲ್ಲ. ಆಗ ನನಗೆ ಹೊಳೆಯಿತು: ಈ ಮನೆಗೆ ಬಂದ ಹನ್ನೆರಡು ವರ್ಷದಲ್ಲಿ ಅವರು ಒಮ್ಮೆಯೂ ಮುಂಬಾಗಿಲಲ್ಲಿ ರಂಗೋಲಿಯಿಟ್ಟಿರಲಿಲ್ಲ. ಮದುವೆಗೆ ಮುನ್ನ ಬೀದಿಗೆಲ್ಲ ಅವರ ಎಳೆಯೇ ಮಾದರಿಯಾಗಿತ್ತು. ಭಾವನವರು ಹೋದ ಮೇಲೆ ಇಡಬೇಡ ಎಂದು ಯಾರೂ ಅನ್ನಲಿಲ್ಲ. ಇಡು ಎಂದೂ ಯಾರೂ ಅನ್ನಲಿಲ್ಲ. ವಚನಕಾರರ ಸಮಾನತೆಯನ್ನು ತರಗತಿಯಲ್ಲಿ ಗಂಟಲು ಬತ್ತುವಂತೆ ಹೇಳುವ ನಾನೂ ಅನ್ನಲಿಲ್ಲ.

“ಅಕ್ಕ, ನೀನೇ ಬಂದು ಎಳೆದುಬಿಡು” ಎಂದೆ.

“ಹಬ್ಬದ ಹೊತ್ತು ಕಣೋ. ನೋಡಿದವರು ಏನಂದಾರು?”

“ಗೆರೆ ಸೊಟ್ಟಗಿದ್ದರೆ ತಾನೆ ಅನ್ನೋದು?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದು, ಬಟ್ಟೆಯ ಚೂರನ್ನು ಸುಣ್ಣದಲ್ಲಿ ಅದ್ದಿ, ಜಗುಲಿಯ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಎಳೆ ತೆಗೆದರು. ಹದಿನೆಂಟು ಅಡಿ ಉದ್ದ, ಒಂದು ಕೂದಲೆಳೆಯಷ್ಟೂ ಓರೆಯಿಲ್ಲ. ಹಿಂದೆ ಜಾರಿದ್ದ ಎದುರುಮನೆಯ ಹಿರಿಯರು ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಎದೆ ಗಟ್ಟಿ ಮಾಡಿಕೊಂಡೆ. ಅವರು ಬೀದಿ ದಾಟಿ ಬಂದು, ಕೋಲಿನ ತುದಿಯಿಂದ ನೆಲವನ್ನು ಒತ್ತಿ ನೋಡಿ, “ಈಗ ಜಾರೋದಿಲ್ಲ ತಾನೆ?” ಎಂದು ಕೇಳಿದರು. ಅಕ್ಕ, “ಒಣಗೋತನಕ ಕೂರಬೇಡಿ ಅಣ್ಣಯ್ಯ, ಪಂಚೆ ಕೆಂಪಾಗತ್ತೆ” ಎಂದರು.

ಬೇರೆ ಇಬ್ಬರು ಮೂವರು ಆಡಿಕೊಂಡದ್ದೂ ಉಂಟು. ಅವರಲ್ಲೊಬ್ಬರು ಮುಂದಿನ ತಿಂಗಳು ತಮ್ಮ ಮನೆಯ ಕಾರಣೆಗೆ ಅಕ್ಕನನ್ನೇ ಕರೆದುಕೊಂಡು ಹೋದರು. ಈಗ ಶುಕ್ರವಾರ ಶುಕ್ರವಾರ ನಮ್ಮ ಹೊಸಿಲಲ್ಲಿ ಅವರದೇ ರಂಗೋಲಿ. ಪ್ಲಾಸ್ಟಿಕ್ಕಿನದನ್ನು ಕಿತ್ತು ಹಾಕಿದ್ದೇವೆ. ಸಂಜೆ ಜಗುಲಿಯ ಮೇಲೆ ಕೊಬ್ಬರಿಯ ಧಾರಣೆಯ ಮಾತು ಮತ್ತೆ ಶುರುವಾಗಿದೆ.

ತಮ್ಮ ಮನೆಗಳಲ್ಲಿಯೂ ಮುಂದಿನ ಹಬ್ಬಕ್ಕೆ ಹೊರಗೋಡೆಯ ಯೋಚನೆ ಬಂದಾಗ, ಅಂಗಡಿಗೆ ಹೋಗುವ ಮುನ್ನ ಮನೆಯ ಹಿರಿಯ ಹೆಂಗಸರೊಬ್ಬರನ್ನು ಕೇಳಿ. ಯಾವ ಗೋಡೆಗೆ ಯಾವುದು ಒಗ್ಗುತ್ತದೆಂದು ಅವರು ಹೇಳಬಲ್ಲರು. ಬರಿಯ ಮಾತು ಕೇಳಿ ಬಿಡಬೇಡಿ, ಕುಂಚವನ್ನೂ ಅವರ ಕೈಗೆ ಕೊಡಿ.